ಏಳು ಬಿದ್ದ ಸಂಜೆ

ಹದಿನಾಲ್ಕು ತಿಂಗಳಿಂದ ನಡೆದು ಬಂದಿದ್ದ ನಮ್ಮ ಕ್ಯಾಂಪೇನಿನ, ಅಂದರೆ ಕಂತುಕಂತಾಗಿ ಆಡುವ ಒಂದೇ ಉದ್ದ ಕಥೆಯ, ಕೊನೆಯ ಕಾಳಗ ಆ ಭಾನುವಾರ ಸಂಜೆಗೆ ನಿಗದಿಯಾಗಿತ್ತು. ನಾವು ಆಡುತ್ತಿದ್ದುದು, ಮೇಜಿನ ಸುತ್ತ ಕೂತು ಪಾತ್ರಗಳನ್ನು ವಹಿಸಿಕೊಂಡು ದಾಳ ಉರುಳಿಸುತ್ತ ಕಥೆ ಕಟ್ಟುವ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿ. ಐವರು ಆಟಗಾರರ ಪಾತ್ರಗಳೂ 11ನೇ ಲೆವೆಲ್ ತಲುಪಿದ್ದವು, ಕಥೆ ನಡೆಸುತ್ತ ಶತ್ರುಗಳನ್ನು ಆಡಿಸುವ ಡಂಜನ್ ಮಾಸ್ಟರ್ ನಾನು. ಖಳನಾದ ಮಾಂತ್ರಿಕ ದೊರೆಗೆ 240 ಹಿಟ್ ಪಾಯಿಂಟ್ (ಪೆಟ್ಟು ಬಿದ್ದಂತೆ ಇಳಿಯುವ ಪ್ರಾಣಬಲದ ಲೆಕ್ಕ) ಕೊಟ್ಟು, ಅವನು ಯಾವ ರೌಂಡಿನಲ್ಲಿ ಏನು ಮಾಡುತ್ತಾನೆ, ಸೋಲು ಹತ್ತಿರವಾದಾಗ ಯಾರೊಡನೆ ಏನು ಮಾತಾಡುತ್ತಾನೆ ಎಂಬುದನ್ನೆಲ್ಲ ಎರಡು ವಾರ ಕೂತು ಬರೆದಿಟ್ಟಿದ್ದೆ.

ಅವನು ಮೊದಲನೇ ರೌಂಡಿನಲ್ಲೇ ಸತ್ತ.

ಕಾರಣ ನಾನೇ ಕೊಟ್ಟ ಒಂದು ವರ. ಆರು ವಾರಗಳ ಹಿಂದೆ, ತಂಡದ ಹಂತಕಿಯ ಕಥೆಗೆ ಒಪ್ಪುವಂತೆ, ದಿನಕ್ಕೊಮ್ಮೆ ಮಾತ್ರ ಬಳಸಬಹುದಾದ 'ಮೃತ್ಯುಸ್ಪರ್ಶ'ವೆಂಬ ಶಕ್ತಿಯನ್ನು ಅವಳಿಗೆ ಬರೆದುಕೊಟ್ಟಿದ್ದೆ. ಅವಳ ಏಟು ತಗುಲಿದವನು ಸೇವಿಂಗ್ ಥ್ರೋದಲ್ಲಿ, ಅಂದರೆ ಅಪಾಯದಿಂದ ಪಾರಾಗಲು ಉರುಳಿಸುವ ದಾಳದಲ್ಲಿ, 17 ಮುಟ್ಟದಿದ್ದರೆ ಅಲ್ಲೇ ಸಾಯುತ್ತಾನೆ. ದಿನಕ್ಕೊಮ್ಮೆ ಎಂಬ ಮಿತಿಯೇ ಸಾಕೆಂದು ನನಗೆ ಅನ್ನಿಸಿತ್ತು. ಮುಖ್ಯ ಶತ್ರುವನ್ನು ಕೂಡ ದಿನಕ್ಕೊಮ್ಮೆಯೇ ಎದುರಿಸುವುದು ಎಂಬ ಸರಳ ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ.

ಹಂತಕಿಯ ಸರದಿ ಎಲ್ಲರಿಗಿಂತ ಮೊದಲು ಬಂತು, ಅವಳ ಏಟು ತಗುಲಿತು. ದೊರೆಯ ಪರವಾಗಿ ಪರದೆಯ ಹಿಂದೆ ನಾನು ಇಪ್ಪತ್ತು ಮುಖದ ದಾಳ ಉರುಳಿಸಿದೆ. ಏಳು ಬಿತ್ತು. ಅವನ ಬೋನಸ್ ಐದನ್ನು ಕೂಡಿಸಿದರೂ ಹನ್ನೆರಡು. ಆ ದಾಳವನ್ನು ನನ್ನ ಹೊರತು ಯಾರೂ ನೋಡಿರಲಿಲ್ಲ. 'ತಪ್ಪಿಸಿಕೊಂಡ' ಎಂಬ ಒಂದೇ ಮಾತಿನಿಂದ ಹದಿನಾಲ್ಕು ತಿಂಗಳ ಕಥೆ ಉಳಿಯುತ್ತಿತ್ತು. ಆದರೆ ಅಷ್ಟು ಕಾಲ ಅವರ ಪಾತ್ರಗಳು ಬಿದ್ದಾಗಲೆಲ್ಲ ದಾಳ ಹೇಳಿದ್ದನ್ನೇ ಒಪ್ಪಬೇಕೆಂದು ಪಟ್ಟು ಹಿಡಿದವನು ನಾನು. ನನ್ನ ಪಾತ್ರದ ಸರದಿ ಬಂದಾಗ ಸುಳ್ಳು ಹೇಳಿದರೆ ಆ ಹಿಂದಿನ ಸಾವುಗಳಿಗೆಲ್ಲ ಅವಮಾನವಾಗುತ್ತಿತ್ತು. ಪರದೆ ಸರಿಸಿ ದಾಳವನ್ನು ತೋರಿಸಿದೆ.

ಒಂದು ಕ್ಷಣ ಎಲ್ಲರೂ ಕೂಗಿ ಸಂಭ್ರಮಿಸಿದರು. ಆಮೇಲೆ ಮೇಜಿನ ಸುತ್ತ ಮೌನ ಕವಿಯಿತು. ತಂಡದ ಮಾಂತ್ರಿಕನ ಪಾತ್ರ ಆಡುವವನು ವಾರವಿಡೀ ಯೋಚಿಸಿ ಆರಿಸಿ ತಂದಿದ್ದ ಸ್ಪೆಲ್‌ಗಳ, ಅಂದರೆ ಮಂತ್ರಗಳ, ಪಟ್ಟಿಯನ್ನು ಮಡಿಸಿಟ್ಟ. ಕಥೆಯಲ್ಲಿ ಆ ದೊರೆಯಿಂದಲೇ ಅಣ್ಣನನ್ನು ಕಳೆದುಕೊಂಡಿದ್ದ ಪುರೋಹಿತನ ಪಾತ್ರಧಾರಿ, ಅವನ ಎದುರು ನಿಂತು ಆಡಬೇಕೆಂದು ಒಂದು ಮಾತನ್ನು ಸಿದ್ಧಮಾಡಿಕೊಂಡು ಬಂದಿದ್ದನಂತೆ. ಅದನ್ನು ಹೇಳಲು ಅವನಿಗೆ ಸರದಿಯೇ ಬರಲಿಲ್ಲ. ನನಗೆ ಹೆಚ್ಚು ನೋವಾದದ್ದು ಹಂತಕಿಯನ್ನು ಆಡುತ್ತಿದ್ದ ಗೆಳತಿಯ ಪ್ರಶ್ನೆಯಿಂದ. "ನಾನು ಅದನ್ನು ಬಳಸಬಾರದಿತ್ತಾ?" ಎಂದು ಕೇಳಿದಳು. ಕೊಟ್ಟ ಶಕ್ತಿಯನ್ನು ಬಳಸಿ ಗೆದ್ದವಳು ಕ್ಷಮೆ ಕೇಳುವ ದನಿಯಲ್ಲಿ ಮಾತಾಡಬೇಕಾಗಿ ಬಂದದ್ದು ನನ್ನ ನಿಯಮದ ದೋಷ, ಅವಳದ್ದಲ್ಲ.

ಗೆದ್ದದ್ದನ್ನು ರದ್ದು ಮಾಡುವುದು ಬೇಡವೆಂದು ಎಲ್ಲರೂ ಒಪ್ಪಿದೆವು. ಕಥೆ ಮುಂದುವರಿಯಲಿ, ನಿಯಮ ಬದಲಾಗಲಿ ಎಂದು ಆ ಸಂಜೆಯ ಉಳಿದ ಹೊತ್ತನ್ನು ಅದಕ್ಕೇ ಕೊಟ್ಟೆವು.

ಮೊದಲು ಬಂದ ಸಲಹೆ 17ನ್ನು 13ಕ್ಕೆ ಇಳಿಸುವುದು. ಲೆಕ್ಕ ಹಾಕಿದೆವು: ದೊರೆ ಸಾಯುವ ಸಾಧ್ಯತೆ ನೂರಕ್ಕೆ 55ರಿಂದ 35ಕ್ಕೆ ಇಳಿಯುತ್ತದೆ. ಆದರೆ ಆ 35ರಲ್ಲಿ ನಡೆಯುವುದು ಈ ಸಂಜೆ ನಡೆದದ್ದೇ. ಬಲಿಷ್ಠ ಶತ್ರುಗಳಿಗೆ ಈ ಆವೃತ್ತಿ ಕೊಡುವ 'ಲೆಜೆಂಡರಿ ರೆಸಿಸ್ಟೆನ್ಸ್', ಅಂದರೆ ತಪ್ಪಿದ ಸೇವಿಂಗ್ ಥ್ರೋವನ್ನು ದಿನಕ್ಕೆ ಸಾಮಾನ್ಯವಾಗಿ ಮೂರು ಸಲ ಗೆದ್ದಂತೆ ಮಾಡಿಕೊಳ್ಳುವ ಅವಕಾಶ, ದೊರೆಗೂ ಇರಬೇಕಿತ್ತು ಎಂದು ಇನ್ನೊಬ್ಬ ಹೇಳಿದ. ಅದು ನಿಜವಾದರೂ, ಹಾಗೆ ಮಾಡಿದರೆ ಹಂತಕಿಯ ದಿನದ ಒಂದೇ ಅವಕಾಶ ಏನೂ ಆಗದೆ ಆವಿಯಾಗುತ್ತದೆ. ನಾಲ್ವರ ನಿರಾಸೆಯನ್ನು ಒಬ್ಬಳ ಮೇಲೆ ಹಾಕಿದಂತಾಗುತ್ತದೆ.

ಅಷ್ಟರಲ್ಲಿ ಪುರೋಹಿತನ ಪಾತ್ರಧಾರಿ ಕೇಳಿದ, "ಇದೇ ಶಕ್ತಿ ನಾಳೆ ನಮ್ಮ ಮೇಲೆ ಬಂದರೆ?" ನಾನು ಉತ್ತರಿಸುವ ಮೊದಲು ಕಾಗದ ತೆಗೆದುಕೊಂಡೆ. ಶತ್ರು ಒಂದು ಕಾಳಗಕ್ಕೆ ಬಂದು ಹೋಗುವವನು, ಆಟಗಾರನ ಪಾತ್ರವಾದರೋ ಕ್ಯಾಂಪೇನು ಮುಗಿಯುವವರೆಗೂ ದಾಳಕ್ಕೆ ತಲೆಯೊಡ್ಡುತ್ತಲೇ ಇರಬೇಕು. ಸಾಯುವ ಸಾಧ್ಯತೆ ನೂರಕ್ಕೆ ಐದೇ ಇರಲಿ, ಇಪ್ಪತ್ತು ಸಲ ಎದುರಿಸುವಷ್ಟರಲ್ಲಿ ಒಮ್ಮೆಯಾದರೂ ಸಾಯುವ ಸಾಧ್ಯತೆ ನೂರಕ್ಕೆ ಸುಮಾರು 64 ಆಗುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಆವೃತ್ತಿಯಲ್ಲಿ ವಿಷಕ್ಕೆ ಒಂದು ದಾಳ ತಪ್ಪಿದರೆ ಸಾವೇ ಗತಿಯಾಗಿತ್ತು. ಆದರೆ ಅಂದು ಹೊಸ ಪಾತ್ರವನ್ನು ಕೆಲವೇ ನಿಮಿಷಗಳಲ್ಲಿ ಬರೆದುಕೊಂಡು ಮತ್ತೆ ಆಟಕ್ಕೆ ಕೂರಬಹುದಿತ್ತು. ಅಣ್ಣನ ಸಾವಿನ ಸೇಡನ್ನು ಹದಿನಾಲ್ಕು ತಿಂಗಳು ಹೊತ್ತು ನಡೆದ ಪಾತ್ರಕ್ಕೆ ಅದೇ ನಿಯಮ ಹೊಂದುವುದಿಲ್ಲ.

ನಿಯಮಪುಸ್ತಕವನ್ನು ಮತ್ತೆ ತಿರುವಿಹಾಕಿದಾಗ ನನ್ನ ದುಡುಕು ಇನ್ನಷ್ಟು ಸ್ಪಷ್ಟವಾಯಿತು. 'ಪವರ್ ವರ್ಡ್ ಕಿಲ್' 9ನೇ ಲೆವೆಲ್‌ನ ಸ್ಪೆಲ್, ಪಾತ್ರ 17ನೇ ಲೆವೆಲ್ ಮುಟ್ಟುವ ತನಕ ಅದು ಕೈಗೆ ಸಿಗದು. ಅದಕ್ಕೆ ಸೇವಿಂಗ್ ಥ್ರೋ ಇಲ್ಲ, ಆದರೆ ಅದು ಕೊಲ್ಲುವುದು 100 ಅಥವಾ ಅದಕ್ಕಿಂತ ಕಡಿಮೆ ಹಿಟ್ ಪಾಯಿಂಟ್ ಉಳಿದಿರುವವನನ್ನು ಮಾತ್ರ. ಹಿಂದೆ ಈ ಮಿತಿಯನ್ನು ಓದಿದಾಗ ಅದೊಂದು ಒಣ ಸಂಖ್ಯೆಯಾಗಿ ಕಂಡಿತ್ತು. ಈಗ ಅದರ ಅರ್ಥ ಹೊಳೆಯಿತು: ದೊಡ್ಡ ಶತ್ರುವನ್ನು ಆ ಸಂಖ್ಯೆಯವರೆಗೆ ಇಳಿಸುವವರು ಉಳಿದ ಗೆಳೆಯರು. ಹಾಗಾಗಿ ಕೊನೆಯ ಏಟು ಒಬ್ಬರದಾದರೂ ಸಾವು ಎಲ್ಲರೂ ಸೇರಿ ದುಡಿದದ್ದು. ನನ್ನ ಮೃತ್ಯುಸ್ಪರ್ಶವೋ 240 ಹಿಟ್ ಪಾಯಿಂಟ್‌ಗಳನ್ನೂ, ಅವುಗಳನ್ನು ಕರಗಿಸಲು ಬಂದಿದ್ದ ನಾಲ್ವರನ್ನೂ ಇಲ್ಲವೆಂಬಂತೆ ದಾಟಿ ಹೋಗಿತ್ತು.

ಹೊಸ ನಿಯಮವನ್ನು ಗೆಳತಿಯೇ ಬರೆದಳು. ತಗುಲಿದ ಏಟು ಶತ್ರುವಿನ ಮೇಲೆ ಒಂದು ಗುರುತು ಬಿಡುತ್ತದೆ. ಮುಂದಿನ ಮೂರು ರೌಂಡುಗಳೊಳಗೆ ಅವಳು ತನ್ನ ಸರದಿಯೊಂದನ್ನು ವ್ಯಯಿಸಿ ಅದನ್ನು ಎಬ್ಬಿಸಬಹುದು. ಶತ್ರುವಿಗೆ 50ಕ್ಕಿಂತ ಕಡಿಮೆ ಹಿಟ್ ಪಾಯಿಂಟ್ ಉಳಿದಿದ್ದರೆ ಅವನು ಸಾಯುತ್ತಾನೆ, ಹೆಚ್ಚಿದ್ದರೆ ಹತ್ತು ಮುಖದ ಆರು ದಾಳಗಳಷ್ಟು ಪೆಟ್ಟು ತಿನ್ನುತ್ತಾನೆ. ಆದ್ದರಿಂದ ಅವಳ ಸರದಿ ಎಂದೂ ಬರಿದಾಗುವುದಿಲ್ಲ. ಇದೇ ಗುರುತು ನಮ್ಮವರ ಮೇಲೆ ಬಿದ್ದರೆ ಆ ಮೂರು ರೌಂಡುಗಳಲ್ಲಿ ಅದನ್ನು ಅಳಿಸಲು ಪುರೋಹಿತನಿಗೆ ದಾರಿಯಿರಬೇಕೆಂದೂ ಸೇರಿಸಿದೆವು. ನಾನು ಕೊಟ್ಟದ್ದು ಒಂದು ಮಾತು ಮಾತ್ರ: 50ರ ಗಡಿ ದಾಟಿದ ಶತ್ರುವಿನ ನಡಿಗೆ, ಉಸಿರು ಬದಲಾದದ್ದನ್ನು ವರ್ಣಿಸಿ ತಿಳಿಸುತ್ತೇನೆ, ಸಂಖ್ಯೆ ಹೇಳುವುದಿಲ್ಲ.

ನಾಲ್ಕು ವಾರಗಳ ಬಳಿಕ, ದೊರೆಯ ಸೇನಾಪತಿಯ ಎದುರು ಅದನ್ನು ಮೊದಲ ಬಾರಿ ಆಡಿದೆವು. ಎರಡನೇ ರೌಂಡಿನಲ್ಲಿ ಗುರುತು ಬಿತ್ತು. ಅಲ್ಲಿಂದ ಮುಂದೆ ಯಾರೂ ಕುರ್ಚಿಗೆ ಒರಗಲಿಲ್ಲ. ಗಾಯ ಮಾಗಿಸುವುದನ್ನು ಬಿಟ್ಟು ಬೇರೇನನ್ನೂ ಮಾಡದ ಪುರೋಹಿತ ಗದೆ ಹಿಡಿದು ಮುಂದೆ ಹೋದ, ಮಾಂತ್ರಿಕ ಉಳಿಸಿಕೊಂಡಿದ್ದ ಕೊನೆಯ ಸ್ಪೆಲ್ಲನ್ನು ಖರ್ಚುಮಾಡಿದ. ಐದನೇ ರೌಂಡು ಗುರುತಿಗೆ ಕೊನೆಯದು. ಸೇನಾಪತಿ ಒಂದು ಕಾಲನ್ನು ಎಳೆಯುತ್ತ ಕಂಬಕ್ಕೆ ಕೈಯೂರಿದನೆಂದು ನಾನು ಹೇಳಿದೆ. ಹಂತಕಿಯ ಸರದಿಯಿತ್ತು. ಅವಳು ದಾಳವನ್ನು ಮುಟ್ಟದೆ ಪುರೋಹಿತನ ಕಡೆ ತಿರುಗಿ, "ಮೊದಲು ನೀನು ಹೇಳಬೇಕಾದದ್ದು ಇದ್ದರೆ ಹೇಳು, ನಾನು ಕಾಯುತ್ತೇನೆ" ಎಂದಳು.

ದೊರೆಗೆಂದು ಸಿದ್ಧಮಾಡಿಕೊಂಡಿದ್ದ ಆ ಮಾತನ್ನು ಅವನು ಸೇನಾಪತಿಗೆ ಹೇಳಿದ.