‘ಆ ಕಾನೂನನ್ನು ಯಾರು ಕೇಳ್ತಾರೆ?’

ಮದುವೆ ಮನೆಯಲ್ಲಿ, ಕೋರ್ಟಿನ ಕ್ಯಾಂಟೀನಿನಲ್ಲಿ, ಎಲ್ಲಿ ಹೋದರೂ ಇದೇ ಪ್ರಶ್ನೆ. ‘ಎಲ್‌ಎಲ್‌ಎಂನಲ್ಲಿ, ಅಂದ್ರೆ ಕಾನೂನಿನ ಸ್ನಾತಕೋತ್ತರ ಪದವಿಯಲ್ಲಿ, ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನು ಓದಿದ್ರಂತೆ. ಆದ್ರೆ ಅದನ್ನು ಯಾರು ಕೇಳ್ತಾರೆ? ವಿಶ್ವಸಂಸ್ಥೆ ಬಂದು ಯಾರನ್ನಾದ್ರೂ ಹಿಡಿಯುತ್ತಾ?’

ಹಿಡಿಯೋದಿಲ್ಲ, ನಿಜ. ಆದರೂ ಆ ಓದು ನನ್ನ ಕೈಗೆ ಏನು ಕೊಟ್ಟಿತು ಅಂತ ಒಂದು ಸಾಲದ ಕೇಸಿನಿಂದ ಹೇಳುತ್ತೇನೆ.

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ ಎಂದೊಂದಿದೆ, 1966ರದ್ದು. ಅದರ 11ನೇ ವಿಧಿ ಒಂದೇ ವಾಕ್ಯ. ಕರಾರಿನಂತೆ ನಡೆಯಲು ಕೈಲಾಗಲಿಲ್ಲ ಎಂಬುದಕ್ಕಷ್ಟೇ ಯಾರನ್ನೂ ಜೈಲಿಗೆ ಹಾಕುವಂತಿಲ್ಲ. ಕ್ಲಾಸಿನಲ್ಲಿ ಆ ‘ಅಷ್ಟೇ’ ಎಂಬ ಒಂದು ಪದದ ಮೇಲೆ ಎರಡು ಗಂಟೆ ಕೂತಿದ್ದೆವು. ದುಡ್ಡಿದ್ದೂ ಕೊಡದವನು ಬೇರೆ, ದುಡ್ಡೇ ಇಲ್ಲದವನು ಬೇರೆ. ಇಬ್ಬರನ್ನು ಬೇರೆ ಮಾಡೋದು ಆ ಪದ.

ಭಾರತ ಈ ಒಡಂಬಡಿಕೆಗೆ ಸೇರಿದ್ದು 1979ರಲ್ಲಿ. ಮರುವರ್ಷವೇ ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸಾಲಗಾರರ ಮೇಲೆ ವಾರಂಟ್ ಹೊರಟಿತ್ತು. ತೀರ್ಪು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಒಡಂಬಡಿಕೆ ತಾನಾಗಿಯೇ ನಮ್ಮ ಕಾನೂನಾಗುವುದಿಲ್ಲ ಎಂದು ಒಪ್ಪಿದರು. ಆದರೆ ಅಲ್ಲಿಗೇ ಬಿಡಲಿಲ್ಲ. ಸಾಲ ವಸೂಲಿಗೆ ಜೈಲಿಗೂ ಕಳಿಸಬಹುದು ಎನ್ನುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಕಲಮನ್ನು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಜೊತೆ, ಈ 11ನೇ ವಿಧಿಯ ಜೊತೆ ಇಟ್ಟು ಓದಿದರು. ಇವರಿಗೆ ಕೊಡುವ ಶಕ್ತಿ ಇದೆಯಾ, ಇದ್ದೂ ತಪ್ಪಿಸಿಕೊಂಡರಾ, ಮೊದಲು ಅದನ್ನು ನೋಡಿ ಎಂದು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದರು.

ಓದು ಮುಗಿಸಿ ಬಂದ ಮೇಲೆ ನನ್ನ ಹತ್ತಿರ ಬಂದ ಮೊದಲ ಅಮಲ್ಜಾರಿ ಕೇಸಿನಲ್ಲಿ (ಕೋರ್ಟಿನ ಆದೇಶದಂತೆ ಸಾಲ ವಸೂಲಿ ಮಾಡುವ ಕೇಸು) ಸಾಲಗಾರರು ಅರವತ್ತು ದಾಟಿದ ರೈತರು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ‘ನನ್ನನ್ನ ಒಳಗೆ ಹಾಕ್ತಾರಾ ಸಾರ್?’ ಅಂತ ಎರಡು ಸಲ ಕೇಳಿದರು. ಪಾಸ್‌ಬುಕ್ಕಿನ ಕೊನೆಯ ಪುಟ, ಪಹಣಿ, ಆ ತೀರ್ಪು, ಮೂರನ್ನೂ ಕೋರ್ಟಿನ ಮುಂದಿಟ್ಟೆ. ಅವರು ಮನೆಗೆ ಹೋದರು. ಸಾಲ ಇನ್ನೂ ಇದೆ, ಕಂತಿನಲ್ಲಿ ಕಟ್ಟುತ್ತಿದ್ದಾರೆ.

ನಿಮ್ಮ ಆಫೀಸಿನ ಗೋಡೆಯ ಮೇಲೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯ ಬೋರ್ಡ್ ಇದೆ ಅಲ್ವಾ? ಅದರ ಹಿಂದೆಯೂ ಇಂಥದ್ದೇ ಕಥೆ. ಮಹಿಳೆಯರ ವಿರುದ್ಧದ ತಾರತಮ್ಯ ತಡೆಯುವ ಒಪ್ಪಂದವನ್ನು ಭಾರತ 1993ರಲ್ಲಿ ಸ್ಥಿರೀಕರಿಸಿತು, ಅಂದರೆ ಅದಕ್ಕೆ ಬದ್ಧವಾಗುವುದಾಗಿ ಒಪ್ಪಿತು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು ಅದನ್ನು ಆಧಾರ ಮಾಡಿಕೊಂಡಿತು. ಅದಕ್ಕೆ ಕಾಯ್ದೆ ಬಂದದ್ದು 2013ರಲ್ಲಿ. ಹದಿನಾರು ವರ್ಷ ಜಾಸ್ತಿಯೇ ಆಯಿತು.

ಇನ್ನೂ ಬಾರದ್ದೂ ಇದೆ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ ಅದೇ 1997ರಲ್ಲಿ ಸಹಿ ಹಾಕಿತು, ಸ್ಥಿರೀಕರಿಸಿಲ್ಲ. ಲಾಕಪ್ಪಿನಲ್ಲಿ ಮಗನನ್ನು ಕಳಕೊಂಡ ತಾಯಿಯ ಪರ ನಿಂತಾಗ ಈ ಕೊರತೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಆಗ ನಿಜವಾಗಿಯೂ ಸಿಟ್ಟು ಬರುತ್ತದೆ.

‘ಹಾಗಾದ್ರೆ ನಾನೂ ಈ ಎಲ್‌ಎಲ್‌ಎಂಗೆ ಸೇರಲಾ?’ ಎನ್ನುವ ಹುಡುಗ ಹುಡುಗಿಯರಿಗೆ ಒಂದೇ ಮಾತು. ಮೊದಲು ಎರಡು ವರ್ಷ ತಾಲ್ಲೂಕು ಕೋರ್ಟಿನಲ್ಲಿ ಕೆಲಸ ಮಾಡಿ. ಜಾಮೀನು ಸಿಕ್ಕಿದರೂ ಶ್ಯೂರಿಟಿ ಸಿಗದೆ ಒಳಗೇ ಉಳಿದವರನ್ನು ಮಾತಾಡಿಸಿ. ಆಮೇಲೆ ಹೋಗಿ ಓದಿ. ಒಪ್ಪಂದದ ಪ್ರತಿ ಸಾಲಿನಲ್ಲೂ ಯಾರದೋ ಮುಖ ಕಾಣುತ್ತದೆ.