ಅದು ನಿಜ, ಒಪ್ತೀನಿ. ಆದರೆ...

ಈ ವಾರ ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳ ಚರ್ಚಾಸ್ಪರ್ಧೆ ನೋಡಿ ಬಂದೆ. ಒಂಬತ್ತನೇ ಕ್ಲಾಸಿನ ಅಕ್ಕನ ಮಗಳೂ ಮಾತಾಡುವವಳಿದ್ದಳು. ಅಲ್ಲಿ ಕೇಳಿದ ಎರಡು ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಒಂದು ಅವಳದು, ಇನ್ನೊಂದು ತೀರ್ಪುಗಾರರದು.

ವಿಷಯ ಇದು: ಮಂಡ್ಯದ ರೈತರು ಕಬ್ಬು ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೋಗಬೇಕು. ಚೀಟಿ ಎತ್ತಿದಾಗ ಇವಳಿಗೆ ಬಂದಿದ್ದು 'ಪರ'. ಅವಳ ತಾತ, ಅಂದರೆ ಅಕ್ಕನ ಮಾವ, ಜೀವನಪೂರ್ತಿ ಕಬ್ಬು ಬೆಳೆದವರು. ಕೆಆರ್‌ಎಸ್ ಅಣೆಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಲ್ಲೇ ಆ ಸಂಸಾರ ನಡೆದಿದೆ. "ಏನವ್ವಾ, ನಮ್ಮ ಗದ್ದೆ ಮೇಲೇ ಭಾಷಣ ಬಿಗೀತೀಯಾ?" ಅಂದರಂತೆ. ಇವಳು ಮುನಿಸಿಕೊಳ್ಳಲಿಲ್ಲ. ನೋಟ್‌ಬುಕ್ ಹಿಡಿದು ಅವರ ಪಕ್ಕದಲ್ಲೇ ಕೂತಳು. ಕಟ್ಟು ನೀರು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋ ನಾಲೆ ನೀರು, ಬಿಡೋದು ಹೇಗೆ, ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ಖರ್ಚು ಯಾಕೆ ಕಡಿಮೆ, ಕಾರ್ಖಾನೆ ದುಡ್ಡು ತಡ ಮಾಡಿದರೆ ಏನು ಮಾಡ್ತೀರಿ, ಎಲ್ಲ ಕೇಳಿ ಬರೆದುಕೊಂಡಳು. ಇವಳು ಈ ಹಿಂದೆ ತಾತನ ಹತ್ತಿರ ಬೇಸಾಯದ ಬಗ್ಗೆ ಒಂದು ಮಾತೂ ಕೇಳಿದವಳಲ್ಲ ಅಂತ ಅಕ್ಕ ಹೇಳಿದಳು.

ಸ್ಪರ್ಧೆಯಲ್ಲಿ ಬಹಳಷ್ಟು ಮಕ್ಕಳು ಕಂಠಪಾಠ ಒಪ್ಪಿಸಿದರು. 2018ರ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪಿನಲ್ಲಿ ರಾಜ್ಯಕ್ಕೆ 14.75 ಟಿಎಂಸಿ ನೀರು ಜಾಸ್ತಿ ಸಿಕ್ಕಿದ್ದನ್ನು ಒಬ್ಬರಾದ ಮೇಲೊಬ್ಬರು ಹೇಳಿದರು. ಅದಕ್ಕೂ ಕಬ್ಬಿಗೂ ಏನು ಸಂಬಂಧ ಅಂತ ಯಾರೂ ಹೇಳಲಿಲ್ಲ. ತಪ್ಪು ಮಕ್ಕಳದ್ದಲ್ಲ. ಬರೆದುಕೊಟ್ಟ ಮೇಷ್ಟ್ರುಗಳದ್ದು.

ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗ ಎದ್ದ. ತೆಳ್ಳಗೆ ಇದ್ದ, ಆದರೆ ದನಿ ಗಟ್ಟಿ. "ಒಂದು ಸಲ ನೆಟ್ಟರೆ ಕೂಳೆ ಬರುತ್ತೆ. ಕೂಲಿಗೆ ಆಳೇ ಸಿಗದ ಈ ಕಾಲದಲ್ಲಿ ರೈತ ಕಬ್ಬು ಬಿಟ್ಟು ಇನ್ನೇನು ಬೆಳೀಬೇಕು?" ಒಳ್ಳೆ ಪ್ರಶ್ನೆ. ಇವಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಅಂದಳು: "ಅದು ನಿಜ, ಒಪ್ತೀನಿ. ನಮ್ಮ ತಾತನೂ ಅದನ್ನೇ ಹೇಳ್ತಾರೆ. ಆದರೆ ನಾಲೆ ಕೊನೆಗಿರೋ ಮದ್ದೂರು, ಮಳವಳ್ಳಿ ಕಡೆಯವರಿಗೆ ನೀರೇ ತಲುಪದಿದ್ದರೆ ಕೂಳೆ ಎಲ್ಲಿಂದ ಬರುತ್ತೆ? ಕೆಆರ್‌ಎಸ್‌ನಲ್ಲಿ ಪೂರ್ತಿ 124.80 ಅಡಿ ನೀರು ನಿಂತ ವರ್ಷ ಈ ಪ್ರಶ್ನೆ ಯಾರೂ ಕೇಳಲ್ಲ. 2023ರಂಥ ಬರದ ವರ್ಷ ಕೇಳಲೇಬೇಕಲ್ವಾ?"

ಆ ಹುಡುಗನೇ ಹೌದು ಅನ್ನುವ ಹಾಗೆ ತಲೆ ಆಡಿಸಿದ.

ಕೊನೆಯಲ್ಲಿ ತೀರ್ಪುಗಾರರೊಬ್ಬರು ಮೈಕ್ ಹಿಡಿದು, "ಚೆನ್ನಾಗಿ ಮಾತಾಡಿದೆ ಮಗು. ಆದರೆ ಚರ್ಚೆಯಲ್ಲಿ ಎದುರಾಳಿ ಮಾತು ಒಪ್ಪಬಾರದು. ಒಪ್ಪಿದರೆ ಸೋತ ಹಾಗೆ" ಅಂದರು. ಇವಳಿಗೆ ಬಹುಮಾನ ಬರಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ಆ ಮಾತಿಗೆ ಬೇಜಾರು. ಅವರು ಕೆಟ್ಟವರಲ್ಲ, ಮಕ್ಕಳ ಮೇಲೆ ಪ್ರೀತಿ ಇರುವವರೇ. ಆದರೂ ಅವರು ಹೇಳಿದ್ದು ತಪ್ಪು.

ನಮ್ಮ ಮನೆಗಳಲ್ಲಿ ಮಾತು ಹೇಗೆ ನಡೆಯುತ್ತೆ ನೋಡಿ. ದೊಡ್ಡವರು ಹೇಳಿದ್ದೇ ಮಾತು. ಎದುರು ಹೇಳಿದರೆ 'ಎದುರುತ್ತರ ಕೊಡ್ತೀಯಾ' ಅಂತ ಬಾಯಿ ಮುಚ್ಚಿಸ್ತೀವಿ. ಇನ್ನು ಟಿವಿ ಚರ್ಚೆಯಲ್ಲಿ ಜೋರಾಗಿ ಕೂಗಿದವರೇ ಗೆದ್ದವರು. ಎದುರಿನವರ ಮಾತನ್ನು ಪೂರ್ತಿ ಕೇಳಿ, ಸರಿಯಿದ್ದಷ್ಟನ್ನು ಒಪ್ಪಿ, ಆಮೇಲೂ ತನ್ನ ನಿಲುವಿನಲ್ಲಿ ನಿಲ್ಲೋದನ್ನು ಹದಿನಾಲ್ಕು ವರ್ಷದ ಮಗು ಬೇರೆಲ್ಲಿ ಕಲಿಯಬೇಕು? ಇವಳು ಮೊದಲು ನೆಂಟರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಈಗ ಮಾತಾಡ್ತಾಳೆ. ಅದು ಸಂತೋಷವೇ. ಆದರೆ ನನಗೆ ದೊಡ್ಡದಾಗಿ ಕಂಡಿದ್ದು ಅವಳ ಕೇಳಿಸಿಕೊಳ್ಳುವ ಗುಣ. ಪ್ರತಿಭಾ ಕಾರಂಜಿಯಿಂದ ಹಿಡಿದು ಎಲ್ಲ ಸ್ಪರ್ಧೆಗಳಲ್ಲೂ ಹಾವಭಾವ, ಉಚ್ಚಾರಣೆ ನೋಡುವಷ್ಟೇ ಗಮನ ಕೊಟ್ಟು, ಎದುರಾಳಿಯ ಪ್ರಶ್ನೆಗೆ ನೇರ ಉತ್ತರ ಕೊಟ್ಟರಾ ಅಂತಲೂ ನೋಡಿ ಅಂಕ ಕೊಡಲಿ.

ಸಂಜೆ ಮನೆಯಲ್ಲಿ ತಾತ ವಿಚಾರಿಸಿದರು. ಇವಳು ನಡೆದದ್ದೆಲ್ಲ ಹೇಳಿದಳು, ತೀರ್ಪುಗಾರರ ಮಾತನ್ನೂ ಸೇರಿಸಿ. "ನಾನು ಹೇಳಿದ್ದನ್ನ ಅಲ್ಲಿ ನಿಜ ಅಂದ್ಯಾ?" ಅಂತ ಎರಡು ಸಲ ಕೇಳಿದರು. ಆಮೇಲೆ, ಕೆಳಗದ್ದೆಗೆ ಈ ಸಲ ರಾಗಿ ಹಾಕಿದರೆ ಹೇಗೆ ಅಂತ ಅಕ್ಕನ ಗಂಡನ ಹತ್ತಿರ ಮಾತು ತೆಗೆದರು. ಅವರು ಬೇಡ ಅಂದರು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಚರ್ಚೆ ನಡೀತಿತ್ತು. ಇವಳು ಈ ಸಲ ಅಪ್ಪನ ಕಡೆ.