ಮಣ್ಣಿನ ಹಕ್ಕಿಗೆ ಎಷ್ಟು ಬಗೆಯ ಕೋವಿ

ರಜೆಗೆಂದು ಬೆಂಗಳೂರಿಗೆ ಬಂದು ಹತ್ತು ದಿನವಾಯಿತು. ಬನಶಂಕರಿಯ ನಮ್ಮ ಮನೆಯಲ್ಲಿ ಸಂಜೆಯ ಕಾಫಿ ಮುಗಿಸಿ, ಅಮೆರಿಕದ ಸಿನ್ಸಿನಾಟಿಯ ಫೋಟೋಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸುತ್ತಿದ್ದೆ. ಹಿಮ, ಕಚೇರಿ, ಕನ್ನಡ ಕೂಟದ ಯುಗಾದಿ ಊಟ ಎಲ್ಲವೂ ಸರಸರನೆ ಸರಿದುಹೋದವು. ಒಂದು ಚಿತ್ರ ಬಂದಾಗ ಮಾವ, ಅಂದರೆ ಅಮ್ಮನ ತಮ್ಮ, ನನ್ನ ಕೈ ಹಿಡಿದು ನಿಲ್ಲಿಸಿದರು. ಮರದ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಇಪ್ಪತ್ತಕ್ಕೂ ಹೆಚ್ಚು ಕೋವಿಗಳು. ಹಾರುವ ಬಿಲ್ಲೆಗೆ ಕೋವಿಯಿಂದ ಹೊಡೆಯುವ ಆಟವನ್ನು ನಾನು ಅಲ್ಲಿ ಆಡುತ್ತೇನೆ, ಆ ಮೈದಾನದ ಚಿತ್ರ ಅದು.

"ಏನಮ್ಮಾ ಇದು, ಮದುವೆ ಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗಿದೆ! ಒಂದರಂತೆ ಇನ್ನೊಂದಿಲ್ಲ. ಇವರೆಲ್ಲ ಹೊಡೆಯುವುದು ಒಂದೇ ಗುರಿಗಲ್ಲವೇ?"

ಮಾವ ಮೂಡಿಗೆರೆಯ ಕಡೆ ನಲವತ್ತು ವರ್ಷ ಕಾಫಿ ತೋಟ ನೋಡಿಕೊಂಡವರು. ತಾತನಿಂದ ಬಂದ ಜೋಡಿ ನಳಿಗೆಯ ಕೋವಿ ಅವರ ಮನೆಯಲ್ಲಿತ್ತು. ಬೆಳೆ ಕಾಯುವುದಕ್ಕೆ ಇದ್ದ ಆ ಕೋವಿಯನ್ನು ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿ ಪಡೆದು, ಫಲಿತಾಂಶದ ನಂತರ ಮರಳಿ ತರುವುದು ಅವರಿಗೆ ಹಬ್ಬದಷ್ಟೇ ನಿಯಮಿತವಾದ ಕೆಲಸವಾಗಿತ್ತು. ಅವರು ಕೇಳಿದ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳುವುದು ಸರಿಯೆನಿಸಲಿಲ್ಲ. ಆ ಸಂಜೆ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುರಿಯ ವಿಷಯ. ಆ ಬಿಲ್ಲೆಯನ್ನು ಇಂಗ್ಲಿಷಿನಲ್ಲಿ ಕ್ಲೇ, ಅಂದರೆ ಜೇಡಿಮಣ್ಣು, ಎಂದು ಕರೆದರೂ ಅದರಲ್ಲಿ ಈಗ ಜೇಡಿಮಣ್ಣಿಲ್ಲ. ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು ಸೇರಿಸಿ ಅಚ್ಚು ಹಾಕಿದ ಬಿಲ್ಲೆ ಅದು. ಅಗಲ ಸುಮಾರು 11 ಸೆಂಟಿಮೀಟರ್, ತೂಕ ನೂರು ಗ್ರಾಂ ಚಿಲ್ಲರೆ. ಚಹಾದ ಸಾಸರನ್ನು ಬೋರಲು ಹಾಕಿದಂತೆ ಕಾಣುತ್ತದೆ. ತಗ್ಗಿನಲ್ಲಿರುವ ಪುಟ್ಟ ಮನೆಯೊಳಗಿನ ಯಂತ್ರ ಅದನ್ನು ಚಿಮ್ಮಿಸುತ್ತದೆ. ಗಂಟೆಗೆ ಅರವತ್ತೆಂಟು ಕಿಲೋಮೀಟರ್ ವೇಗದಲ್ಲಿ, ಎಡಕ್ಕೋ ಬಲಕ್ಕೋ ನೇರವೋ ತಿಳಿಯದ ಹಾಗೆ, ಅದು ನಮ್ಮಿಂದ ದೂರ ಏರುತ್ತಾ ಹೋಗುತ್ತದೆ. ಎಲ್ಲರೂ ಅದನ್ನು 'ಹಕ್ಕಿ' ಎಂದೇ ಕರೆಯುತ್ತಾರೆ.

ಆ ಹೆಸರಿನ ಹಿಂದಿನ ಕಥೆ ನಾನಿರುವ ಊರಿನದೇ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಲ್ಲಿ ಈ ಆಟಕ್ಕೆ ಜೀವಂತ ಪಾರಿವಾಳಗಳನ್ನೇ ಪೆಟ್ಟಿಗೆಯಿಂದ ಹಾರಿಬಿಡುತ್ತಿದ್ದರು. ಆಮೇಲೆ ಗಾಜಿನ ಚೆಂಡುಗಳು ಬಂದವು. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಎಂಬಾತ ಸುಟ್ಟ ಮಣ್ಣಿನ ಬಿಲ್ಲೆಗೆ ಪೇಟೆಂಟ್ ಪಡೆದ. ಅದೇ ಸಿನ್ಸಿನಾಟಿಯ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಮಾರ್ಥಾ ಎಂಬ ಹೆಸರಿನ ಪ್ಯಾಸೆಂಜರ್ ಪಾರಿವಾಳ ಸತ್ತಿತು. ಒಂದು ಕಾಲಕ್ಕೆ ಆಕಾಶವನ್ನೇ ಕಪ್ಪಾಗಿಸಿ ಹಾರುತ್ತಿದ್ದ ಆ ಜಾತಿಯ ಕೊನೆಯ ಹಕ್ಕಿ ಅದು. ಮೃಗಾಲಯದಲ್ಲಿ ಅದರ ನೆನಪಿಗೊಂದು ಪುಟ್ಟ ಕಟ್ಟಡವಿದೆ. ಅಲ್ಲಿಗೆ ಹೋದಾಗಲೆಲ್ಲ ನಾನು ಒಂದಷ್ಟು ಹೊತ್ತು ನಿಲ್ಲುತ್ತೇನೆ. ನಾನು ಹೊಡೆಯುವ ಹಕ್ಕಿಗೆ ಪ್ರಾಣವಿಲ್ಲ ಎನ್ನುವುದು ನನಗೆ ದೊಡ್ಡ ನೆಮ್ಮದಿ.

ಅಮ್ಮನಿಗೆ ಈ ಮಾತು ಸಾಲಲಿಲ್ಲ. "ಅಮೆರಿಕದ ಶಾಲೆಗಳಲ್ಲಿ ಆಗುವುದನ್ನು ದಿನವೂ ಟಿವಿಯಲ್ಲಿ ನೋಡುತ್ತೇವೆ, ನೀನೂ ಕೋವಿ ಹಿಡಿಯಬೇಕೇ?" ಎಂದು ಕೇಳಿದರು. ಅವರ ಆತಂಕ ನ್ಯಾಯವಾದದ್ದು, ಅದು ನನ್ನದೂ ಹೌದು. ನಾನು ಮೈದಾನಕ್ಕೆ ಹೋಗಿದ್ದು ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ, ಅದೂ ಗ್ರೀನ್ ಕಾರ್ಡ್ ಬಂದ ಮೇಲೆ. ಇದನ್ನು ಒತ್ತಿ ಹೇಳಬೇಕು: ಉದ್ಯೋಗ ವೀಸಾದಲ್ಲೋ ವಿದ್ಯಾರ್ಥಿ ವೀಸಾದಲ್ಲೋ ಇರುವವರು ಕೋವಿ ಹಿಡಿಯುವುದಕ್ಕೆ ಅಲ್ಲಿನ ಕೇಂದ್ರ ಕಾನೂನಿನಲ್ಲಿ ನಿರ್ಬಂಧಗಳಿವೆ. ಗೆಳೆಯರು ಕರೆದರೆಂದು ನಮ್ಮ ಹುಡುಗರು ಯೋಚಿಸದೆ ಹೋಗಿಬಿಡಬಾರದು. ನನ್ನ ಭಯ ಕಡಿಮೆಯಾದದ್ದು ಅಲ್ಲಿನ ಶಿಸ್ತನ್ನು ಕಣ್ಣಾರೆ ಕಂಡ ಮೇಲೆ. ಸರದಿ ಬರುವ ತನಕ ಯಾರ ಕೋವಿಯಲ್ಲೂ ತೋಟಾ ಇರುವುದಿಲ್ಲ. ನಡುವೆ ಮಡಚಿ ತೋಟಾ ತುಂಬುವ ಕೋವಿಯಾದರೆ ಮಡಚಿಕೊಂಡೇ ನಡೆಯಬೇಕು. ನಳಿಗೆಯ ಬಾಯಿ ಅಪ್ಪಿತಪ್ಪಿ ಇನ್ನೊಬ್ಬರ ಕಡೆ ತಿರುಗಿದರೆ ಎಂಬತ್ತು ವರ್ಷದ ಹಿರಿಯರಿಗೂ ಎಲ್ಲರೆದುರು ಗದರಿಕೆ ಬೀಳುತ್ತದೆ.

ಈಗ ಮಾವನ ಪ್ರಶ್ನೆ. ಆ ಸಾಲಿನಲ್ಲಿ ಅತಿ ಹೆಚ್ಚು ಇದ್ದದ್ದು ಒಂದರ ಮೇಲೊಂದು ನಳಿಗೆಯ ಕೋವಿಗಳು. ನಮ್ಮ ಊರ ಜೋಡಿ ನಳಿಗೆಯಲ್ಲಿ ಎರಡೂ ಅಕ್ಕಪಕ್ಕ ಮಲಗಿರುತ್ತವೆ, ಇಲ್ಲಿ ಮೇಲೆ ಕೆಳಗೆ. ಗುರಿ ನೋಡುವ ಕಣ್ಣಿಗೆ ಒಂದೇ ನಳಿಗೆಯ ಅಗಲ ಕಾಣುವುದರಿಂದ ಹಾರುವ ಹಕ್ಕಿಗಿಂತ ಎಷ್ಟು ಮುಂದಕ್ಕೆ ಗುರಿಯಿಟ್ಟಿದ್ದೇವೆ ಎಂಬುದು ಸ್ಪಷ್ಟವಾಗುತ್ತದೆ. ಅಮೆರಿಕದ ಹೆಸರಾಂತ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ತನ್ನ ಕೊನೆಯ ದಿನಗಳಲ್ಲಿ ವಿನ್ಯಾಸ ಮಾಡಿದ್ದು ಈ ಬಗೆಯ ಕೋವಿಯನ್ನೇ. 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ಆತ ತೀರಿಕೊಂಡ ಮೇಲೆ ಅದು 1931ರಲ್ಲಿ ಮಾರುಕಟ್ಟೆಗೆ ಬಂತು. ಇಂದು ಬ್ರೌನಿಂಗ್ ಹೆಸರಿನಲ್ಲಿ ಬರುವ ಸಿಟೋರಿ ಎಂಬ ಇದೇ ಬಗೆಯ ಕೋವಿ ತಯಾರಾಗುವುದು ಜಪಾನಿನಲ್ಲಿ. ಇಟಲಿಯ ಬೆರೆಟ್ಟಾ ಮನೆತನದ ದಾಖಲೆ 1526ರಷ್ಟು ಹಿಂದಕ್ಕೆ ಹೋಗುತ್ತದೆ, ವೆನಿಸ್‌ನ ಶಸ್ತ್ರಾಗಾರಕ್ಕೆ ನಳಿಗೆಗಳನ್ನು ಮಾರಿದ ಲೆಕ್ಕದಿಂದ ಅದು ಶುರುವಾಗುತ್ತದೆ. ಇಟಲಿಯ ಪೆರಾಜಿ, ಜರ್ಮನಿಯ ಕ್ರೀಗಾಫ್ ಎಂದರೆ ಅಲ್ಲಿಯವರಿಗೂ ದೊಡ್ಡ ಮಾತು. ಹತ್ತು ಸಾವಿರ ಡಾಲರಿಗೂ ಮೇಲೆ ಬೆಲೆ ಬಾಳುವ ಅವು ಒಲಿಂಪಿಕ್ ಮಟ್ಟದವರ ಕೈಯಲ್ಲಿ ಇರುವಂಥವು.

ಆದರೆ ನನ್ನ ಮನಸ್ಸು ಹೋಗುವುದು ಆ ಸಾಲಿನ ಕೊನೆಯಲ್ಲಿ ನಿಲ್ಲುವ ಒಂದು ಹಳೆಯ ಪಂಪ್ ಕೋವಿಯ ಕಡೆಗೆ. ವಿಂಚೆಸ್ಟರ್ ಮಾಡೆಲ್ 12 ಅದು. ಆ ಮಾದರಿ 1912ರಲ್ಲಿ ಬಂದು ಅರ್ಧ ಶತಮಾನದಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಲಕ್ಷ ತಯಾರಾಯಿತಂತೆ. ಅದನ್ನು ತರುವವರು ನಿವೃತ್ತ ಬಡಗಿ. ಕೋವಿ ಅವರ ತಾತನದು, ಆಮೇಲೆ ತಂದೆಯದು. ಎಡಗೈ ಹಿಡಿದು ಹಿಂದೆ ಮುಂದೆ ಜಾರಿಸುವ ಮರದ ತುಂಡಿನ ಮೇಲಿನ ಗೀರುಗಳು ಸವೆದು ನುಣುಪಾಗಿವೆ. ಬಲಗೈ ಹಿಡಿದು ನಡೆಯುವ ಕಡೆ ಉಕ್ಕಿನ ನೀಲಿ ಬಣ್ಣ ಪೂರ್ತಿ ಹೋಗಿ ಬೆಳ್ಳಿಯಂತೆ ಹೊಳೆಯುತ್ತದೆ. ಮೂರು ತಲೆಮಾರಿನ ಅಂಗೈ ತಿಕ್ಕಿ ಕೊಟ್ಟ ಹೊಳಪು. ನಮ್ಮ ಅಜ್ಜಿಯ ಮನೆಯ ಒರಳುಕಲ್ಲಿನ ಗುಂಡು ಹಾಗೆಯೇ ನುಣ್ಣಗಾಗಿತ್ತು. ಅವರು ಹೊಡೆದಾದ ಮೇಲೆ ಖಾಲಿ ತೋಟಾ ಹೊರಗೆ ಚಿಮ್ಮುವ ಚಕ್ ಚಕ್ ಸದ್ದು ದೂರದಿಂದಲೇ ಗುರುತು ಸಿಗುತ್ತದೆ. ಪೆರಾಜಿ ಹಿಡಿದವರ ಪಕ್ಕದಲ್ಲಿ ನಿಂತು ಅವರು ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಹೊಡೆದದ್ದನ್ನು ನಾನು ನೋಡಿದ್ದೇನೆ.

ಇನ್ನು ಅರೆ ಸ್ವಯಂಚಾಲಿತ ಕೋವಿಗಳು. ರೆಮಿಂಗ್ಟನ್ 1100 ಎಂಬುದು 1963ರಲ್ಲಿ ಬಂದು ಈ ಬಗೆಗೆ ಜನಪ್ರಿಯತೆ ತಂದುಕೊಟ್ಟಿತು. ಹೊಡೆದಾಗ ಹುಟ್ಟುವ ಅನಿಲದ ಒಂದು ಪಾಲು ಯಂತ್ರವನ್ನು ಹಿಂದಕ್ಕೆ ತಳ್ಳಿ ಮುಂದಿನ ತೋಟಾ ತುಂಬುತ್ತದೆ. ಹಾಗಾಗಿ ಭುಜಕ್ಕೆ ಬೀಳುವ ಒದೆ ಮೃದುವಾಗುತ್ತದೆ. ಭುಜದ ನೋವಿರುವವರು, ದಿನಕ್ಕೆ ನೂರಾರು ಈಡು ಹೊಡೆಯುವವರು ಇದನ್ನು ಮೆಚ್ಚುತ್ತಾರೆ. ಇದರ ತೊಂದರೆಯೆಂದರೆ ಖಾಲಿ ತೋಟಾ ಬಲಕ್ಕೆ ಹಾರಿ ಪಕ್ಕದವರಿಗೆ ಬಡಿಯುತ್ತದೆ. ಮರ್ಯಾದಸ್ಥರು ಅದನ್ನು ತಡೆಯುವ ಪುಟ್ಟ ಕೊಂಡಿಯೊಂದನ್ನು ಸಿಕ್ಕಿಸಿಕೊಂಡೇ ಬರುತ್ತಾರೆ.

ನಾನು ಮೊದಲು ಹೇಳಿದ, ಹಕ್ಕಿ ನಮ್ಮಿಂದ ದೂರ ಹಾರುವ ಆಟಕ್ಕೆ ಟ್ರಾಪ್ ಎಂದು ಹೆಸರು. ಅದನ್ನೇ ಜೀವವೆಂದುಕೊಂಡವರ ಕೋವಿಗಳು ಬೇರೆಯೇ ಜಾತಿ. ಒಂಟಿ ನಳಿಗೆ, ಉದ್ದ 34 ಅಂಗುಲ. ಹಕ್ಕಿ ಏರುತ್ತಾ ಹೋಗುವುದರಿಂದ ಗುರಿಗಿಂತ ಸ್ವಲ್ಪ ಮೇಲೆಯೇ ಹೊಡೆಯುವಂತೆ ಅವುಗಳನ್ನು ಹೊಂದಿಸಿರುತ್ತಾರೆ. ಅಂಥದ್ದೊಂದರ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿತ್ತು. ಕೇಳಿದರೆ, ಆ ಕೋವಿ ಟ್ರಿಗರ್ ಎಳೆದಾಗ ಹಾರುವುದಿಲ್ಲ, ಎಳೆದು ಹಿಡಿದು ಬಿಟ್ಟಾಗ ಹಾರುತ್ತದೆ ಎಂದರು! ವರ್ಷಗಟ್ಟಲೆ ಹೊಡೆದವರಲ್ಲಿ ಕೆಲವರಿಗೆ ಎಳೆಯುವ ಕ್ಷಣದಲ್ಲಿ ಮೈ ತಾನಾಗಿ ಬೆಚ್ಚಿಬೀಳುವ ಅಭ್ಯಾಸ ಹತ್ತಿಬಿಡುತ್ತದೆಯಂತೆ. ಬೆರಳನ್ನು ಸಡಿಲಿಸುವುದಕ್ಕೆ ಮೈ ಬೆಚ್ಚುವುದಿಲ್ಲ. ಮಾವ ಈ ಮಾತನ್ನು ಎರಡು ಸಲ ಹೇಳಿಸಿ ಕೇಳಿಸಿಕೊಂಡರು.

ಎರಡು ಬದಿಯಿಂದ ಹಕ್ಕಿಗಳು ಅಡ್ಡಕ್ಕೆ ಹಾರಿಬರುವ ಆಟಕ್ಕೆ ಸ್ಕೀಟ್ ಎನ್ನುತ್ತಾರೆ. ಅದನ್ನು ಆಡುವವರ ಕಡೆ ನಳಿಗೆಯ ಗಾತ್ರಗಳೇ ನಾಲ್ಕು ಬಗೆ: 12, 20, 28 ಮತ್ತು .410. ನಮ್ಮಲ್ಲಿ ಹನ್ನೆರಡು ಬೋರು ಎನ್ನುತ್ತೇವಲ್ಲ, ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಹೊಂದುವ ಹನ್ನೆರಡು ಗುಂಡು ಮಾಡಬಹುದು ಎಂಬುದೇ ಅದರ ಅರ್ಥ. ಇಪ್ಪತ್ತು ಗುಂಡು ಆಗುವುದಾದರೆ ನಳಿಗೆ ಇನ್ನೂ ಸಣ್ಣದು. ಹೀಗಾಗಿ ಸಂಖ್ಯೆ ದೊಡ್ಡದಾದಂತೆ ಕೋವಿ ಕಿರಿದಾಗುತ್ತದೆ. .410 ಮಾತ್ರ ಈ ಲೆಕ್ಕಕ್ಕೆ ಸೇರದೆ, ನಳಿಗೆಯ ಅಗಲವನ್ನು ನೇರವಾಗಿ ಅಂಗುಲದಲ್ಲಿ ಹೇಳುತ್ತದೆ. ಕೆಲವರು ಒಂದೇ ಹನ್ನೆರಡರ ಕೋವಿಯೊಳಗೆ ಸಣ್ಣ ಕೊಳವೆಗಳನ್ನು ತೂರಿಸಿ ನಾಲ್ಕೂ ಗಾತ್ರದ ಸ್ಪರ್ಧೆ ಮುಗಿಸುತ್ತಾರೆ.

ಇಪ್ಪತ್ತರ ತೋಟಾ ಸಾಮಾನ್ಯವಾಗಿ ಹಳದಿ ಬಣ್ಣದ್ದು. ಮೊದಲ ದಿನವೇ ತರಬೇತಿ ಕೊಡುವ ಹಿರಿಯರೊಬ್ಬರು ನನ್ನ ಜೇಬುಗಳನ್ನು ಬರಿದು ಮಾಡಿಸಿ, ಒಂದು ಹಳದಿ ತೋಟಾವನ್ನು ಅಂಗೈ ಮೇಲಿಟ್ಟು ತೋರಿಸಿದರು. ಇದು ತಪ್ಪಿ ಹನ್ನೆರಡರ ಕೋವಿಗೆ ಬಿದ್ದರೆ ಒಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿ ಇದ್ದಂತೆ ಕಾಣುತ್ತದೆ. ತೋಟಾ ಹಾಕುವುದನ್ನೇ ಮರೆತೆನೆಂದು ಹನ್ನೆರಡರದನ್ನು ತುಂಬಿ ಹೊಡೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. ಎರಡು ಬಗೆಯ ತೋಟಾ ಒಂದೇ ಜೇಬಿನಲ್ಲಿ ಎಂದೂ ಇರಬಾರದು ಎಂದು ಹೇಳಿ, ಅದನ್ನು ನನ್ನಿಂದ ಬಾಯಿಬಿಟ್ಟು ಹೇಳಿಸಿದ ಮೇಲೆಯೇ ಮುಂದಕ್ಕೆ ಬಿಟ್ಟರು. ಅವರ ಮೇಲಿನ ನನ್ನ ಗೌರವ ಅಂದು ಹುಟ್ಟಿದ್ದು.

ಮೊದಲ ಮೂರು ವಾರ ನನಗೆ ಒಂದು ಹಕ್ಕಿಯೂ ಸರಿಯಾಗಿ ಬೀಳಲಿಲ್ಲ. ಒಂದು ತೋಟಾದಲ್ಲಿ ನಾನೂರಕ್ಕೂ ಹೆಚ್ಚು ಚರೆ ಇರುತ್ತದೆ, ಒಂದಾದರೂ ತಗುಲಬೇಕಲ್ಲ! ಆಗ ಅದೇ ಹಿರಿಯರು ಕೋವಿ ಕೆಳಗಿಡಿಸಿ, ಎರಡೂ ಅಂಗೈ ಮುಂದೆ ಚಾಚಿ ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿಸಿದರು. ಎರಡೂ ಕಣ್ಣು ತೆರೆದು ದೂರದ ಕಂಬವನ್ನು ಕಿಂಡಿಯಲ್ಲಿ ನೋಡು, ಈಗ ಒಂದೊಂದೇ ಕಣ್ಣು ಮುಚ್ಚು ಎಂದರು. ಎಡಗಣ್ಣು ಮುಚ್ಚಿದ ಕೂಡಲೇ ಕಂಬ ಮಾಯವಾಯಿತು. ನಾನು ಬಲಗೈಯವಳು, ಆದರೆ ನನ್ನಲ್ಲಿ ಯಜಮಾನಿಕೆ ಎಡಗಣ್ಣಿನದು. ಬಲ ಭುಜಕ್ಕೆ ಕೋವಿ ಇಟ್ಟು ಎಡಗಣ್ಣಿನಿಂದ ಗುರಿ ನೋಡುತ್ತಿದ್ದೆ. ಪ್ರತಿ ಈಡೂ ಅಡ್ಡ ಹೋಗುತ್ತಿತ್ತು.

ಎಡ ಭುಜಕ್ಕೆ ಬದಲಾಯಿಸಿಕೊಂಡ ಮೇಲೆ ಆ ಇಪ್ಪತ್ತು ಬಗೆಯ ಅರ್ಥ ನನ್ನ ಮೈಗೇ ತಿಳಿಯಿತು. ಎಡ ಭುಜದಿಂದ ಹೊಡೆದರೆ ಸಾಮಾನ್ಯ ಅರೆ ಸ್ವಯಂಚಾಲಿತ ಕೋವಿಯ ಖಾಲಿ ತೋಟಾ ಮೂಗಿನ ಮುಂದೆಯೇ ಹಾದು ಹೋಗುತ್ತದೆ. ಇಥಾಕಾ 37 ಎಂಬ ಪಂಪ್ ಕೋವಿ ತೋಟಾವನ್ನು ಕೆಳಗೆ ಉದುರಿಸುವುದರಿಂದ ಎಡಗೈಯವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಮಡಚುವ ಕೋವಿಗೆ ಎಡ ಬಲದ ಗೊಡವೆ ಕಡಿಮೆ. ನನ್ನ ಕೋವಿಯಲ್ಲಿ ಭುಜಕ್ಕೆ ಒರಗುವ ಹಿಡಿಯ ಉದ್ದ ನನ್ನ ತೋಳಿಗೆ ಹೆಚ್ಚಾಗಿತ್ತು. ಬಡಗಿ ಹಿರಿಯರೇ ಅದನ್ನು ಮುಕ್ಕಾಲು ಅಂಗುಲ ಕೊಯ್ದು, ಕೆನ್ನೆ ಒರಗುವ ಕಡೆ ಒಂದಿಷ್ಟು ಎತ್ತರಿಸಿ ಕೊಟ್ಟರು. ದರ್ಜಿಯ ಹಾಗೆ ತೋಳು, ಕತ್ತು, ಕೆನ್ನೆಯ ಮೂಳೆ ಎಲ್ಲವನ್ನೂ ನೋಡಿ ಅಳತೆ ತೆಗೆದುಕೊಂಡಿದ್ದರು. ಮುಂದಿನ ಭಾನುವಾರ ಕಿತ್ತಳೆ ಬಣ್ಣದ ಹಕ್ಕಿ ನನ್ನ ಕಣ್ಣೆದುರು ಪುಡಿಯಾಗಿ ಹೊಗೆಯಂತೆ ಹರಡಿದಾಗ ಅವರು ನನಗಿಂತ ಜೋರಾಗಿ ಕೂಗಿದರು.

ನಮ್ಮವರಿಗೂ ಈ ಆಟ ಹೊಸದಲ್ಲ. ಬಿಕಾನೇರಿನ ಕರ್ಣಿ ಸಿಂಗ್ ಐದು ಒಲಿಂಪಿಕ್ಸ್‌ಗಳಲ್ಲಿ ಆಡಿದವರು. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಒಟ್ಟಿಗೇ ಎರಡು ಹಕ್ಕಿ ಹಾರಿಸುವ ಡಬಲ್ ಟ್ರಾಪ್‌ನಲ್ಲಿ ಬೆಳ್ಳಿ ಗೆದ್ದರು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಂದಿಗೂ ನಡೆಯುತ್ತದೆ.

ಮಾವ ಇದನ್ನೆಲ್ಲ ಕೇಳಿ ಸುಮ್ಮನೆ ಕುಳಿತಿದ್ದರು. ಆಮೇಲೆ ಎದ್ದು ಬಾಲ್ಕನಿಗೆ ಹೋಗಿ, "ಆ ಕಿಂಡಿ ಮಾಡುವುದನ್ನು ತೋರಿಸು" ಎಂದರು. ಅವರ ಕೈಗಳನ್ನು ಜೋಡಿಸಿ, ಎದುರು ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕನ್ನು ತೋರಿಸಿದೆ. ಬಲಗಣ್ಣು ಮುಚ್ಚಿದರು, ಟ್ಯಾಂಕ್ ಇದೆ ಎಂದರು. ಎಡಗಣ್ಣು ಮುಚ್ಚಿದರು. ಕೈ ಹಾಗೆಯೇ ಗಾಳಿಯಲ್ಲಿ ನಿಂತುಬಿಟ್ಟಿತು.

"ನಿನ್ನ ತಾತ ನನಗೆ ಎಷ್ಟು ಬೈದಿದ್ದಾರೆ ಗೊತ್ತೇ? ಕಲ್ಲಿನ ಮೇಲಿಟ್ಟ ತೆಂಗಿನ ಚಿಪ್ಪಿಗೆ ಒಂದು ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ, ತಪ್ಪುತ್ತಿರಲಿಲ್ಲ. ಮೇಲಕ್ಕೆ ಎಸೆದದ್ದಕ್ಕೆ ಒಂದು ದಿನವೂ ತಗುಲಲಿಲ್ಲ. ನಿನಗೆ ಗಮನವೇ ಇಲ್ಲ ಎಂದು ಕೋವಿ ಕಿತ್ತುಕೊಂಡು ಚಿಕ್ಕಪ್ಪನ ಕೈಗೆ ಕೊಟ್ಟರು."

ಅವರು ಮತ್ತೊಮ್ಮೆ ಕಿಂಡಿ ಮಾಡಿ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಕ್ಕಾ, ಒಂದು ನಿಮಿಷ ಒಲೆ ಆರಿಸಿ ಇಲ್ಲಿ ಬಾ" ಎಂದು ಅಮ್ಮನನ್ನು ಕೂಗಿದರು.